ಬೆಳ್ಳಿ ನ್ಯಾನೋ ಕಣ ನೀರಲ್ಲಿ ಎಷ್ಟು ದಿನ ಇರ್ತದೆ? ಬಾಟ್ಲಿ ಬೂದಿ ಬಣ್ಣಕ್ಕೆ ತಿರುಗಿದೆ

ಬದಿಯಡ್ಕ_ಟೀಚರ್
ಎಲ್ಲರಿಗೂ ನಮಸ್ಕಾರ. ಹೈಯರ್ ಸೆಕೆಂಡರಿಯಲ್ಲಿ ಕೆಮಿಸ್ಟ್ರಿ ಟೀಚರ್ ನಾನು, ಹತ್ತರ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳೇ ಜಾಸ್ತಿ ನಮ್ಮಲ್ಲಿ. ಸಬ್ ಜಿಲ್ಲಾ ಶಾಸ್ತ್ರಮೇಳಕ್ಕೆ ಅಂತ ಮಕ್ಕಳು ಬೆಳ್ಳಿ ನ್ಯಾನೋ ಕಣ ಮಾಡಿದ್ರು. 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ಕುದಿಸಿ ಅದಕ್ಕೆ 1% ಟ್ರೈಸೋಡಿಯಂ ಸಿಟ್ರೇಟ್ ಹನಿ ಹನಿ ಬಿಟ್ಟದ್ದು. ಮೊದಲು ಎಂತದೂ ಆಗ್ಲಿಲ್ಲ, ಆಮೇಲೆ ಒಮ್ಮೆಲೇ ಹಳದಿ ಬಂತು, ಸ್ವಲ್ಪ ಹಸಿರು ಛಾಯೆ, ಮಕ್ಕಳು ಕುಣಿದದ್ದೇ ಕುಣಿದದ್ದು. ಅದನ್ನು ಗಾಜಿನ ಬಾಟ್ಲಿಯಲ್ಲಿ ಅರ್ಧ ತುಂಬಿಸಿ ಲ್ಯಾಬಿನ ಕಿಟಕಿ ಹತ್ರ ಇಟ್ಟಿದ್ವಿ. ಈಗ ನೋಡಿದ್ರೆ ಬಣ್ಣ ಬೂದಿ, ಬಾಟ್ಲಿಯ ಒಳಮೈಗೆ ಕನ್ನಡಿ ಹಾಗೆ ಏನೋ ಅಂಟಿದೆ, ತಳದಲ್ಲಿ ಕಪ್ಪು ಹುಡಿ. ನೀರು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್.

ನನ್ನ ಪ್ರಶ್ನೆ ಇಷ್ಟೇ, ಇದನ್ನು ನೀರಲ್ಲಿ ಎಷ್ಟು ತಿಂಗಳು ಇಡಬಹುದು? ನೆಟ್ಟಿನಲ್ಲಿ ಒಬ್ರು ಒಂದು ವಾರ ಅಂತಾರೆ ಇನ್ನೊಬ್ರು ಒಂದು ವರ್ಷ ಅಂತಾರೆ.

ಮಂಜೇಶ್ವರ_ಕಡಲು
ಟೀಚರೇ ಬಾಟ್ಲಿಯೊಳಗೆ ಕನ್ನಡಿ ಬಂದದ್ದಾದ್ರೆ ಅದನ್ನೇ ಮೇಳದಲ್ಲಿ ಇಡಿ, ಜಡ್ಜ್ ಮುಖ ನೋಡ್ಕೊಳ್ಳಲಿ 😄

ಲ್ಯಾಬ್_ಮೂಲೆ
ಟೀಚರ್, ಎಷ್ಟು ತಿಂಗಳು ಅಂತ ಕೇಳುವ ಮೊದಲು ಅದು ಯಾವ ದಾರಿಯಲ್ಲಿ ಹಾಳಾಗ್ತಾ ಉಂಟು ಅಂತ ನೋಡ್ಬೇಕು. ನೀರಲ್ಲಿಟ್ಟ ಲೋಹದ ಕಣ ಹಾಳಾಗೋದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಕಣಗಳು ಒಂದಕ್ಕೊಂದು ಅಂಟಿ ಮುದ್ದೆ ಆಗೋದು. ಇನ್ನೊಂದು, ಕಣ ಕರಗಿ ಅಯಾನ್ (ಚಾರ್ಜ್ ಇರುವ ಪರಮಾಣು) ಆಗಿ ಹೋಗೋದು. ಚಿನ್ನಕ್ಕೆ ಹೆಚ್ಚುಕಮ್ಮಿ ಮೊದಲನೇದು ಮಾತ್ರ, ಬೆಳ್ಳಿಗೆ ಎರಡೂ ಉಂಟು. ಆ ಎರಡಕ್ಕೂ ಔಷಧಿ ಬೇರೆ ಬೇರೆ, ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ತಾಗ್ಬೇಕಂತ ಇಲ್ಲ. ನೆಟ್ಟಿನಲ್ಲಿ ಒಬ್ರು ವಾರ ಒಬ್ರು ವರ್ಷ ಅನ್ನೋದು ಅದಕ್ಕೇ, ಅವರವರ ಬಾಟ್ಲಿಯಲ್ಲಿ ನಡೆದದ್ದು ಬೇರೆ ಬೇರೆ ಕತೆ.

ಚಿನ್ನದ್ದು ಹೇಳೋದಾದ್ರೆ ಮೈಕೆಲ್ ಫ್ಯಾರಡೆ 1857ರಲ್ಲಿ ಮಾಡಿದ ಕೆಂಪು ಚಿನ್ನದ ದ್ರಾವಣ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇವತ್ತಿಗೂ ಉಂಟು. ಬೆಳ್ಳಿಯಲ್ಲಿ ಆ ಆಸೆ ಇಟ್ಕೊಳ್ಬೇಡಿ.

ನಿಮ್ಮ ಬಾಟ್ಲಿಯಲ್ಲಿ ನನಗೆ ಕಾಣೋದು ಮೂರು ಅನುಮಾನ: ನೀರು, ಬೆಳಕು, ಅರ್ಧ ಖಾಲಿ ಬಾಟ್ಲಿಯ ಗಾಳಿ. ಮೊದಲು ನೀರಿನ ವಿಷಯ. ಬ್ಯಾಟರಿ ನೀರಿನ ಕ್ಯಾನ್ ಮೇಲೆ ಡಿಸ್ಟಿಲ್ಡ್ ಅಂತ ಬರೆದಿದ್ರೂ ಎಷ್ಟೋ ಸಲ ಅದು ಡಿಮಿನರಲೈಸ್ಡ್ ನೀರು, ಒಂದು ಕ್ಯಾನ್ ಚೆನ್ನಾಗಿರ್ತದೆ ಇನ್ನೊಂದು ಇರುವುದಿಲ್ಲ. ಪರೀಕ್ಷೆ ನಿಮ್ಮ ಲ್ಯಾಬಲ್ಲೇ ಉಂಟು, ಮಕ್ಕಳಿಗೆ ಸಾಲ್ಟ್ ಅನಾಲಿಸಿಸ್‌ನಲ್ಲಿ ಕ್ಲೋರೈಡ್ ಹುಡುಕೋದು ಕಲಿಸ್ತೀರಲ್ಲ ಅದೇ. ಆ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಕಪ್ಪು ಕಾಗದದ ಮುಂದೆ ಹಿಡಿದು ನೋಡಿ. ಹಾಲಿನ ಹಾಗೆ ಒಂಚೂರು ಮಬ್ಬಾದ್ರೂ ಆ ನೀರು ಬೇಡ. ಸಿಲ್ವರ್ ಕ್ಲೋರೈಡ್ ನೀರಲ್ಲಿ ಲೀಟರಿಗೆ 2 ಮಿಲಿಗ್ರಾಂ ಕೂಡ ಕರಗುವುದಿಲ್ಲ, ಹಾಗಾಗಿ ಸ್ವಲ್ಪ ಕ್ಲೋರೈಡ್ ಇದ್ರೂ ಗೊತ್ತಾಗ್ತದೆ.

ಬದಿಯಡ್ಕ_ಟೀಚರ್
ಈಗಷ್ಟೇ ನೋಡಿದೆ. ಬ್ಯಾಟರಿ ನೀರು ಸ್ವಲ್ಪ ಮಬ್ಬು. ಶಾಲೆಯ ಬಾವಿ ನೀರು ಸುಮ್ನೆ ಹಾಕಿ ನೋಡಿದ್ದಕ್ಕೆ ಬೆಳ್ಳಗಾಯ್ತು!

ಮಂಜೇಶ್ವರ_ಕಡಲು
ನಮ್ಮನೆ ಬಾವಿಗೆ ಹಾಕಿದ್ರೆ ಮೊಸರೇ ಆಗ್ಬಹುದು, ಕಡಲಿಗೆ ಕಲ್ಲು ಬಿಸಾಡಿದ್ರೆ ಬೀಳುವಷ್ಟು ಹತ್ರ, ಎಪ್ರಿಲ್‌ನಲ್ಲಿ ಚಹಾಕ್ಕೆ ಉಪ್ಪು ಬೇರೆ ಹಾಕ್ಬೇಕಂತ ಇಲ್ಲ.

ಅದಿರ್ಲಿ, ಕ್ಲೋರೈಡ್ ಬೆಳ್ಳಿ ಅಯಾನ್ ಜೊತೆ ಸೇರಿ ಬಿಳಿ ಆಗ್ತದೆ ಸರಿ. ಆದ್ರೆ ಆಗ್ಲೇ ಲೋಹದ ಕಣ ಆದ ಬೆಳ್ಳಿಗೆ ಉಪ್ಪಿನಿಂದ ಎಂತ ತೊಂದ್ರೆ? ಚಿನ್ನಕ್ಕೂ ಉಪ್ಪು ಆಗುದಿಲ್ಲ ಅಂತ ಕೇಳಿದ್ದೇನೆ, ಚಿನ್ನ ಕ್ಲೋರೈಡ್ ಜೊತೆ ಹಾಗೆ ಸೇರುದಿಲ್ಲವಲ್ಲ.

ಕೊಣಾಜೆ_ಬಸ್
ಇದು ನಾನು ಹೇಳ್ತೇನೆ ಅಣ್ಣಾ, ಎಂಎಸ್ಸಿ ಪ್ರಾಜೆಕ್ಟ್ ಇದರ ಮೇಲೇ ಮಾಡ್ತಾ ಇದ್ದೇನೆ. ಸಿಟ್ರೇಟ್ ಹಾಕಿ ಮಾಡಿದ ಕಣದ ಮೈಮೇಲೆ ಸಿಟ್ರೇಟ್ ಅಂಟಿಕೊಂಡು ನೆಗೆಟಿವ್ ಚಾರ್ಜ್ ಇರ್ತದೆ. ಎಲ್ಲಾ ಕಣಕ್ಕೂ ಒಂದೇ ಚಾರ್ಜ್ ಅಲ್ವಾ, ಹತ್ರ ಬಂದ್ರೆ ದೂಡ್ತವೆ. ಆದ್ರೆ ಈ ದೂಡುವ ಬಲ ಎಷ್ಟು ದೂರ ತಲುಪ್ತದೆ ಅನ್ನೋದು ನೀರಲ್ಲಿ ಎಷ್ಟು ಉಪ್ಪು ಉಂಟು ಅನ್ನೋದರ ಮೇಲೆ. 1 ಮಿಲಿಮೋಲಾರ್ ಉಪ್ಪಿದ್ರೆ ಸುಮಾರು 10 ನ್ಯಾನೋಮೀಟರ್, 100 ಮಿಲಿಮೋಲಾರ್ ಆದ್ರೆ 1 ನ್ಯಾನೋಮೀಟರ್. ಆಮೇಲೆ ಕಣ ಕಣ ತಾಗುವಷ್ಟು ಹತ್ರ ಬರ್ತವೆ, ವಾನ್ ಡರ್ ವಾಲ್ಸ್ ಆಕರ್ಷಣೆ ಹಿಡ್ಕೊಳ್ತದೆ, ಮತ್ತೆ ಬಿಡುವ ಪ್ರಶ್ನೆ ಇಲ್ಲ. ಈ ಎರಡು ಬಲಗಳ ಲೆಕ್ಕಕ್ಕೇ ಡಿಎಲ್‌ವಿಒ ಅಂತ ಹೆಸರು, ಡೆರ್ಯಾಗಿನ್, ಲಾಂಡೌ, ವೆರ್ವೇ, ಓವರ್‌ಬೀಕ್, ನಾಲ್ಕು ಜನರ ಮೊದಲಕ್ಷರ.

ಹಾಗಾಗಿ ಇಲ್ಲಿ ಕ್ಲೋರೈಡೇ ಆಗ್ಬೇಕಂತ ಇಲ್ಲ, ಯಾವ ಉಪ್ಪಾದ್ರೂ ಸಾಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ರಂತೂ ಸೋಡಿಯಂಗಿಂತ ಎಷ್ಟೋ ಪಟ್ಟು ಕಡಿಮೆಯಲ್ಲೇ ಮುದ್ದೆ. ಷುಲ್ಜ್-ಹಾರ್ಡಿ ನಿಯಮ, ಪ್ಲಸ್ ಟೂ ಸರ್ಫೇಸ್ ಕೆಮಿಸ್ಟ್ರಿಯಲ್ಲಿ ಓದಿ ಪರೀಕ್ಷೆ ಮುಗಿದ ಮೇಲೆ ಮರೆತದ್ದು. ಥಿಯರಿ ಪ್ರಕಾರ ಅಯಾನಿನ ಚಾರ್ಜಿನ ಆರನೇ ಘಾತ, ಅಂದ್ರೆ ಚಾರ್ಜ್ ಒಂದರಿಂದ ಎರಡಕ್ಕೆ ಹೋದ್ರೆ 64 ಪಟ್ಟು ಕಡಿಮೆ ಉಪ್ಪು ಸಾಕು.

ಲ್ಯಾಬ್_ಮೂಲೆ
ಸರಿಯಾಗಿ ಹೇಳಿದ್ರಿ. ಚಿನ್ನದಲ್ಲಿ ಇದು ಕಣ್ಣಿಗೇ ಕಾಣ್ತದೆ, ಕೆಂಪು ದ್ರಾವಣಕ್ಕೆ ಉಪ್ಪು ನೀರು ಬಿಟ್ಟ ಕೂಡ್ಲೆ ನೀಲಿ. ಕಣಗಳು ಹತ್ರ ಬಂದಾಗ 520 ನ್ಯಾನೋಮೀಟರ್ ಸುತ್ತ ಹೀರ್ತಾ ಇದ್ದ ಬೆಳಕು 600, 700ರ ಕಡೆಗೆ ಜಾರ್ತದೆ, ಅದಕ್ಕೇ ಬಣ್ಣ ಬದಲು. ಬೆಳ್ಳಿಗೆ ಆ ಜಾಗ 400ರ ಆಸುಪಾಸು, ಹಾಗಾಗಿ ಹಳದಿ. ಮುದ್ದೆ ಆದ್ರೆ ಬೂದಿ.

ಈಗ ಬೆಳ್ಳಿಯ ಎರಡನೇ ದಾರಿ. ಟೀಚರ್ ಇದನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿ, ಮೇಳಕ್ಕೆ ಪೋಸ್ಟರ್ ಆಗ್ತದೆ. ಗಾಳಿಯ ಆಮ್ಲಜನಕ ನೀರಲ್ಲಿ ಕರಗಿರ್ತದಲ್ಲ, ಅದು ಬೆಳ್ಳಿಯನ್ನು ನಿಧಾನಕ್ಕೆ ಆಕ್ಸಿಡೈಸ್ ಮಾಡ್ತದೆ. ನಾಲ್ಕು ಬೆಳ್ಳಿ ಪರಮಾಣು, ಒಂದು ಆಮ್ಲಜನಕ ಅಣು, ನಾಲ್ಕು ಹೈಡ್ರೋಜನ್ ಅಯಾನ್ ಸೇರಿ ನಾಲ್ಕು ಬೆಳ್ಳಿ ಅಯಾನ್ ಮತ್ತು ಎರಡು ನೀರು. 25 ಡಿಗ್ರಿಯಲ್ಲಿ ಗಾಳಿಗೆ ತೆರೆದಿಟ್ಟ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರ್ತದೆ, ಅಂದ್ರೆ ಕಾಲು ಮಿಲಿಮೋಲ್. ಅದನ್ನು ನಾಲ್ಕರಿಂದ ಗುಣಿಸಿದ್ರೆ 1 ಮಿಲಿಮೋಲ್ ಬೆಳ್ಳಿ. ನೀವು ಹಾಕಿದ್ದೂ 1 ಮಿಲಿಮೋಲಾರ್! ಅಂದ್ರೆ ಬಾಟ್ಲಿಯ ಮೇಲಿನ ಗಾಳಿ ಲೆಕ್ಕಕ್ಕೇ ಬೇಡ, ನೀರಲ್ಲಿ ಮೊದಲೇ ಇದ್ದ ಆಮ್ಲಜನಕವೇ ಲೆಕ್ಕದ ಪ್ರಕಾರ ನಿಮ್ಮ ಬೆಳ್ಳಿಯನ್ನು ಪೂರ್ತಿ ಕರಗಿಸ್ಲಿಕ್ಕೆ ಸಾಕಾಗ್ತದೆ.

ವಾಸ್ತವದಲ್ಲಿ ಅಷ್ಟು ಆಗುವುದಿಲ್ಲ. ಕರಗಿದ ಹಾಗೆ ಹೈಡ್ರೋಜನ್ ಅಯಾನ್ ಖರ್ಚಾಗ್ತಾ ಬರ್ತದೆ, ನೀರಲ್ಲಿ ಬೆಳ್ಳಿ ಅಯಾನ್ ಜಾಸ್ತಿ ಆಗ್ತದೆ, ಹಾಗಾಗಿ ಸ್ಪೀಡ್ ಇಳೀತದೆ. ಸಿಟ್ರೇಟ್ ಇರೋದೂ ಸ್ವಲ್ಪ ತಡೀತದೆ. ಕಣ ಸಣ್ಣದಾದಷ್ಟು ಬೇಗ ಕರಗ್ತದೆ, ಆಸಿಡ್ ಜಾಸ್ತಿ ಆದಷ್ಟು ಬೇಗ, ಬಿಸಿ ಜಾಸ್ತಿ ಆದಷ್ಟು ಬೇಗ. ನಮ್ಮೂರಿನ ಮೇ ತಿಂಗಳಲ್ಲಿ ಶೀಟಿನ ಮಾಡಿನ ಲ್ಯಾಬ್ ಒಳಗೆ ಹೇಗಿರ್ತದೆ ಅಂತ ನಿಮಗೆ ಹೇಳ್ಬೇಕಾ.

ಅಡಿಕೆ_ಸಿಪ್ಪೆ
ಇಷ್ಟೆಲ್ಲಾ ತಲೆಬಿಸಿ ಯಾಕೆ, ಗ್ರೀನ್ ಸಿಂಥೆಸಿಸ್ ಮಾಡಿ. ತುಳಸಿ, ನೆಲ್ಲಿಕಾಯಿ, ಗೇರು ಎಲೆ, ಅಡಿಕೆ ಸಿಪ್ಪೆ ಯಾವುದಾದ್ರೂ ಆಗ್ತದೆ. ಕಷಾಯ ಮಾಡಿ ಸೋಸಿ ಸಿಲ್ವರ್ ನೈಟ್ರೇಟ್‌ಗೆ ಹಾಕಿದ್ರೆ ಕೆಂಪು ಕಂದು ಬಣ್ಣ ಬರ್ತದೆ, ಸಿಟ್ರೇಟ್ ಬೇಡ ಎಂತ ಬೇಡ. ಪೇಪರುಗಳಲ್ಲಿ ಆರು ತಿಂಗಳು ಸ್ಟೇಬಲ್ ಅಂತ ಬರೆದಿರ್ತಾರೆ. ನಮ್ಮ ಕಡೆ ಅಡಿಕೆ ಸಿಪ್ಪೆ ರಾಶಿ ರಾಶಿ ಬಿದ್ದಿದೆ, ಸುಡುವ ಬದ್ಲು ಉಪಯೋಗ ಆಗ್ಲಿ.

ಲ್ಯಾಬ್_ಮೂಲೆ
ಅಡಿಕೆ ಸಿಪ್ಪೆ ಬಗ್ಗೆ ನಿಮ್ಮ ಪ್ರೀತಿ ಅರ್ಥ ಆಗ್ತದೆ, ಆದ್ರೆ ಆ "ಆರು ತಿಂಗಳು ಸ್ಟೇಬಲ್" ಓದುವಾಗ ನನಗೆ ಸಿಟ್ಟು ಬರ್ತದೆ. ಬಹಳಷ್ಟು ಕಡೆ ಸ್ಟೇಬಲ್ ಅಂದ್ರೆ ತಳದಲ್ಲಿ ಏನೂ ಕೂತಿಲ್ಲ, ಬಣ್ಣ ಕಣ್ಣಿಗೆ ಹಾಗೇ ಕಂಡಿದೆ ಅಂತ ಅಷ್ಟೇ. ಅಡಿಕೆ ಕಷಾಯದ ಟ್ಯಾನಿನ್ ಇಟ್ಟಲ್ಲೇ ಗಾಳಿಗೆ ಕಂದಾಗ್ತಾ ಹೋಗ್ತದೆ, ಬೆಳ್ಳಿ ಇಲ್ಲದ ಬರೀ ಕಷಾಯವೂ ಕಂದೇ. ಬೆಳ್ಳಿ ಅರ್ಧ ಕರಗಿ ಹೋಗಿದ್ರೂ ಬಾಟ್ಲಿ ಚಂದ ಕಾಣ್ತದೆ. ಬರೀ ಕಷಾಯದ ಇನ್ನೊಂದು ಬಾಟ್ಲಿ ಅದೇ ಶೆಲ್ಫಿನಲ್ಲಿ ಇಟ್ಟು ಎರಡನ್ನೂ ಒಟ್ಟಿಗೆ ಅಳೆಯದಿದ್ರೆ ಆ ಮಾತಿಗೆ ಬೆಲೆ ಇಲ್ಲ.

ಒಳ್ಳೇದೂ ಉಂಟು, ಇಲ್ಲ ಅನ್ನುವುದಿಲ್ಲ. ಗಿಡದ ಪ್ರೋಟೀನ್, ಪಾಲಿಫಿನಾಲ್ ಕಣದ ಮೈಗೆ ದಪ್ಪಕ್ಕೆ ಹತ್ತಿಕೊಳ್ತದೆ, ಉಪ್ಪಿಗೆ ಸಿಟ್ರೇಟ್‌ನಷ್ಟು ಬೇಗ ಸೋಲುವುದಿಲ್ಲ. ಆದ್ರೆ ಮಳೆಗಾಲದ ಸಿಪ್ಪೆ ಬೇರೆ ಬೇಸಿಗೆಯ ಸಿಪ್ಪೆ ಬೇರೆ, ಈ ಸಲ ಬಂದದ್ದು ಮುಂದಿನ ಸಲ ಬರುವುದಿಲ್ಲ. ಮತ್ತೆ ಕಷಾಯ ಅಂದ್ರೆ ಬೂಸ್ಟಿಗೆ ಊಟ ಇಟ್ಟ ಹಾಗೆ.

ಅಡಿಕೆ_ಸಿಪ್ಪೆ
ಬೆಳ್ಳಿ ಇದ್ದಲ್ಲಿ ಬೂಸ್ಟು ಎಲ್ಲಿಂದ ಬರ್ತದೆ ಮಾರಾಯ್ರೆ, ಬೆಳ್ಳಿಯೇ ಅದನ್ನು ಕೊಲ್ತದಲ್ಲ.

ಕೊಣಾಜೆ_ಬಸ್
ಬೆಳ್ಳಿಯಲ್ಲಿ ಕಮ್ಮಿ, ಆದ್ರೆ ಕಣ ಎಲ್ಲಾ ತಳಕ್ಕೆ ಕೂತ ಹಳೇ ಕಷಾಯದ ಬಾಟ್ಲಿಯಲ್ಲಿ ಬರೋದುಂಟು. ಚಿನ್ನದಲ್ಲಂತೂ ಖಂಡಿತ ಬರ್ತದೆ, ಚಿನ್ನದ ಕಣಕ್ಕೆ ಆ ಗುಣ ಇಲ್ಲ, ಸಿಟ್ರೇಟ್ ಅದಕ್ಕೆ ಒಳ್ಳೆ ಆಹಾರ. ನಮ್ಮ ಲ್ಯಾಬಿನ ಒಂದು ಹಳೇ ಬಾಟ್ಲಿಯಲ್ಲಿ ಹತ್ತಿಯ ಎಳೆ ಹಾಗೆ ತೇಲ್ತಾ ಇತ್ತು, ಸೀನಿಯರ್ ಅಕ್ಕ ಇದು ಚಿನ್ನ ತಿಂದು ಬೆಳೆದ ಶ್ರೀಮಂತ ಬೂಸ್ಟು ಅಂತ ಹೇಳಿದ್ರು. ಕೆಲವರು ಚಿನ್ನದ ದ್ರಾವಣಕ್ಕೆ ಸೋಡಿಯಂ ಅಜೈಡ್ ಹಾಕ್ತಾರೆ, ಅದು ವಿಷ, ಶಾಲೆಗೆ ಬೇಡ. ಬೆಳ್ಳಿಗಂತೂ ಯಾವತ್ತೂ ಬೇಡ, ಸಿಲ್ವರ್ ಅಜೈಡ್ ಸ್ಫೋಟಕ.

ಬದಿಯಡ್ಕ_ಟೀಚರ್
ಎಲ್ಲರಿಗೂ ಥ್ಯಾಂಕ್ಸ್. ಈಗ ನಮ್ಮ ಬಾಟ್ಲಿಯಲ್ಲಿ ಆದದ್ದು ಮುದ್ದೆಯಾ ಕರಗಿದ್ದಾ ಅಂತ ಗೊತ್ತು ಮಾಡೋದು ಹೇಗೆ? ನಮ್ಮಲ್ಲಿ ಸ್ಪೆಕ್ಟ್ರೋಮೀಟರ್ ಇಲ್ಲ. ಮತ್ತೆ ಆ ಕನ್ನಡಿ ಎಂತದ್ದು? ಒಬ್ರು ಅಮೋನಿಯಾ ಹಾಕಿ ತೊಳೀರಿ ಅಂದ್ರು.

ಲ್ಯಾಬ್_ಮೂಲೆ
ಅಮೋನಿಯಾ ಬೇಡ ಟೀಚರ್!! ಮೊದಲು ಅದು ಹೇಳ್ತೇನೆ. ಬೆಳ್ಳಿ ಅಯಾನ್ ಮತ್ತು ಅಮೋನಿಯಾ ಸೇರಿದ ದ್ರಾವಣ ಇಟ್ಟಲ್ಲೇ ಇದ್ರೆ, ಒಣಗಿದ್ರೆ, ಸ್ಫೋಟಿಸುವ ವಸ್ತು ಆಗ್ತದೆ. ಇದೇ ಜಾತಿಯ ಟೋಲೆನ್ಸ್ ರಿಯೇಜೆಂಟ್ ಬೇಕಾದಾಗಲೇ ಹೊಸತು ಮಾಡಿ ಕೂಡ್ಲೆ ಚೆಲ್ಲೋದು ಅದಕ್ಕೇ. ಕನ್ನಡಿಗೆ ಡೈಲ್ಯೂಟ್ ನೈಟ್ರಿಕ್ ಆಸಿಡ್ ಸಾಕು, ಗ್ಲೌಸ್ ಹಾಕಿ, ಕಿಟಕಿ ತೆಗೆದು, ನೀವೇ ಮಾಡಿ, ಮಕ್ಕಳ ಕೈಗೆ ಕೊಡ್ಬೇಡಿ.

ಕನ್ನಡಿ ಅಂದ್ರೆ ಶುದ್ಧ ಬೆಳ್ಳಿಯೇ. ರಿಯಾಕ್ಷನ್ ಮುಗಿದ ಮೇಲೂ ಸ್ವಲ್ಪ ಬೆಳ್ಳಿ ಅಯಾನ್ ಉಳಿದಿರ್ತದೆ, ಸಿಟ್ರೇಟೂ ಉಳಿದಿರ್ತದೆ, ಕಿಟಕಿಯ ಬಿಸಿಲು ಬಿದ್ದ ಕೂಡ್ಲೆ ಮತ್ತೆ ಕೆಲಸ ಶುರು. ಹೊಸ ಬೆಳ್ಳಿ ಗಾಜಿನ ಮೇಲೂ ಕೂರ್ತದೆ, ಇದ್ದ ಕಣದ ಮೇಲೂ ಕೂರ್ತದೆ. ಬೆಳಕು ಕಣದ ಆಕಾರವನ್ನೇ ಬದಲಿಸ್ತದೆ, 2001ರಲ್ಲಿ ಅಮೆರಿಕದಲ್ಲಿ ಚಾಡ್ ಮಿರ್ಕಿನ್ ಗುಂಪಿನವರು ಹಳದಿ ಬೆಳ್ಳಿ ದ್ರಾವಣವನ್ನು ಬರೀ ಬೆಳಕಲ್ಲಿ ಇಟ್ಟು ತ್ರಿಕೋನದ ಚಪ್ಪಟೆ ಕಣ ಮಾಡಿ ನೀಲಿ ಬರಿಸಿದ್ರು. ಅವರು ಬೇಕಂತ ಮಾಡಿದ್ದು, ನಮ್ಮ ಕಿಟಕಿಯಲ್ಲಿ ಅದು ಬೇಡ ಅಂದ್ರೂ ಆಗ್ತದೆ.

ಈಗ ಪರೀಕ್ಷೆ. ಮೊದಲು ಬಾಟ್ಲಿ ಕುಲುಕಿ. ನಿಮ್ಮ ವಿಧಾನದಲ್ಲಿ ಕಣ ದೊಡ್ಡದೇ ಬರ್ತದೆ, 60 ನ್ಯಾನೋಮೀಟರ್ ಅಂತ ಹಿಡಿದ್ರೆ ಅದು ತನ್ನ ಭಾರಕ್ಕೇ ದಿನಕ್ಕೆ ಒಂದೂವರೆ ಮಿಲಿಮೀಟರ್ ಹತ್ತಿರ ಇಳೀತದೆ. ಕುಲುಕಿದಾಗ ಹಳದಿ ವಾಪಸ್ ಬಂದ್ರೆ ಅದು ಸುಮ್ನೆ ತಳಕ್ಕೆ ಕೂತದ್ದು ಮಾತ್ರ, ಹಾಳಾದದ್ದಲ್ಲ. ಎಷ್ಟು ಕುಲುಕಿದ್ರೂ ಬೂದಿ, ಹುಡಿ ಹುಡಿ ಅಂತಾದ್ರೆ ಮುದ್ದೆ ಆಗಿದೆ, ವಾಪಸ್ ತರ್ಲಿಕ್ಕೆ ಆಗುವುದಿಲ್ಲ. ತಳದಲ್ಲಿ ಎಂತದೂ ಇಲ್ಲ, ಗೋಡೆಗೂ ಅಂಟಿಲ್ಲ, ಆದ್ರೂ ಹಳದಿ ತೆಳ್ಳಗಾಗ್ತಾ ಬಂದ್ರೆ ಕರಗ್ತಾ ಉಂಟು ಅಂತ.

ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರ್ (ಯಾವ ಬೆಳಕನ್ನು ಎಷ್ಟು ಹೀರ್ತದೆ ಅಂತ ಗ್ರಾಫ್ ಕೊಡುವ ಯಂತ್ರ) ಸಿಕ್ಕಿದ್ರೆ ಇನ್ನೂ ಸುಲಭ. 400ರ ಹತ್ರದ ಗುಡ್ಡ ಕುಗ್ಗಿ 600ರ ಕಡೆ ಬಾಲ ಮೇಲೆದ್ರೆ ಮುದ್ದೆ. ಗುಡ್ಡ ಕುಗ್ಗಿದೆ, ಬಾಲ ಎದ್ದಿಲ್ಲ ಅಂದ್ರೆ ಕರಗಿದ್ದು. ಜನ ಗುಡ್ಡದ ಎತ್ತರ ಮಾತ್ರ ನೋಡಿ ಬಾಲ ನೋಡುವುದೇ ಇಲ್ಲ, ಕತೆ ಇರೋದೇ ಬಾಲದಲ್ಲಿ.

ಕೊಣಾಜೆ_ಬಸ್
ಝೀಟಾ ಪೊಟೆನ್ಶಿಯಲ್ (ಕಣದ ಮೈಯ ಚಾರ್ಜ್ ಎಷ್ಟು ಅಂತ ಅಂದಾಜು ಕೊಡುವ ಅಳತೆ) ಕೂಡ ಹೇಳಿ ಅಣ್ಣಾ. ನಮ್ಮ ಗೈಡ್ ಮೈನಸ್ 30 ಮಿಲಿವೋಲ್ಟ್ ದಾಟಿದ್ರೆ ಸ್ಟೇಬಲ್ ಅಂತ ಬರೀರಿ ಅಂತಾರೆ.

ಲ್ಯಾಬ್_ಮೂಲೆ
30 ಅನ್ನೋದು ಅಂದಾಜಿನ ಗೆರೆ ಅಷ್ಟೇ, ಅದೂ ಚಾರ್ಜಿನಿಂದ ನಿಲ್ಲುವ ಕಣಕ್ಕೆ. ಪಿವಿಪಿ ಅನ್ನುವ ಪಾಲಿಮರ್ ಹಾಕಿದ ಕಣಕ್ಕೆ ಝೀಟಾ ಹತ್ತೋ ಹದಿನೈದೋ ಇರಬಹುದು, ಆದ್ರೂ ಉಪ್ಪು ನೀರಲ್ಲಿ ಗಟ್ಟಿಯಾಗಿ ನಿಲ್ತದೆ. ಯಾಕಂದ್ರೆ ಅಲ್ಲಿ ಕಣವನ್ನು ದೂರ ಇಡೋದು ಚಾರ್ಜ್ ಅಲ್ಲ, ಮೈಮೇಲಿನ ಪಾಲಿಮರ್ ಎಳೆಗಳು, ರಂಬುಟಾನ್ ಹಣ್ಣಿನ ಕೂದಲಿನ ಹಾಗೆ ಸುತ್ತ ಚಾಚಿಕೊಂಡಿರ್ತವೆ. ಇನ್ನೊಂದು, ಝೀಟಾ ಎಷ್ಟು ಚೆನ್ನಾಗಿದ್ರೂ ಬೆಳ್ಳಿ ಕರಗೋದನ್ನು ಅದು ಹೇಳುವುದಿಲ್ಲ. ಮೈನಸ್ 40 ಇದ್ದೂ ಕರಗ್ತಾ ಇರಬಹುದು. ನಿಮ್ಮ ಗೈಡ್ ಹತ್ರ ವಾದ ಮಾಡ್ಬೇಡಿ, ಮಾರ್ಕ್ಸ್ ಮುಖ್ಯ 😀 ಸ್ಪೆಕ್ಟ್ರಮ್ ಗ್ರಾಫ್ ಪಕ್ಕದಲ್ಲಿ ಹಾಕಿ.

ಮತ್ತೆ ನಿಮ್ಮ ಪ್ರಾಜೆಕ್ಟಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ ತೊಳೆಯುವುದಿದ್ರೆ ಜಾಗ್ರತೆ. ಶುದ್ಧ ಆಗ್ಲಿ ಅಂತ ಮತ್ತೆ ಮತ್ತೆ ತೊಳೆದ್ರೆ ನೀರಿನ ಸಿಟ್ರೇಟ್ ಹೋಗ್ತದೆ, ಆಮೇಲೆ ಮೈಮೇಲಿದ್ದದ್ದೂ ಬಿಟ್ಟು ಹೋಗ್ತದೆ, ಟ್ಯೂಬಿನ ತಳದಲ್ಲಿ ಕೂತದ್ದು ಮತ್ತೆ ಏಳುವುದೇ ಇಲ್ಲ.

ಮಂಜೇಶ್ವರ_ಕಡಲು
ಹಾಗಾದ್ರೆ ಫ್ರೀಜರ್‌ನಲ್ಲಿ ಇಟ್ಟು ಐಸ್ ಮಾಡಿದ್ರೆ? ಮೀನು ಹಾಗೇ ತಾನೇ ಇಡೋದು, ಎಲ್ಲಾ ರಿಯಾಕ್ಷನ್ ನಿಂತು ಹೋಗ್ತದಲ್ಲ.

ಲ್ಯಾಬ್_ಮೂಲೆ
ಕೇಳಿದ್ದು ಒಳ್ಳೇದಾಯ್ತು, ಎಷ್ಟೋ ಜನ ಮಾಡಿ ಹಾಳು ಮಾಡ್ಕೊಂಡಿದ್ದಾರೆ. ನೀರು ಐಸ್ ಆಗುವಾಗ ಹರಳಿನೊಳಗೆ ಬೇರೆ ಎಂತದಕ್ಕೂ ಜಾಗ ಕೊಡುವುದಿಲ್ಲ, ಕಣವನ್ನೂ ಉಪ್ಪನ್ನೂ ಉಳಿದ ಚೂರು ನೀರಿಗೆ ದೂಡ್ತದೆ. ಅಲ್ಲಿ ಉಪ್ಪು ಗಟ್ಟಿ, ಕಣ ಗಟ್ಟಿ, ಅಂಟಿಕೊಳ್ಳದೆ ಬೇರೆ ದಾರಿ ಇಲ್ಲ. ಕರಗಿಸಿ ನೋಡಿದ್ರೆ ಕಪ್ಪು ಚೂರುಗಳು. ಫ್ರಿಡ್ಜಿನ ಕೆಳಗಿನ ಭಾಗ, 4 ಡಿಗ್ರಿ ಹತ್ರ, ಸಾಕು. ಹಿಂದಿನ ಗೋಡೆಗೆ ತಾಗಿಸಿ ಇಡ್ಬೇಡಿ, ಅಲ್ಲಿ ಕೆಲವು ಫ್ರಿಡ್ಜಲ್ಲಿ ಐಸ್ ಕಟ್ತದೆ. ಕರೆಂಟ್ ಹೋದ್ರೆ ತೊಂದ್ರೆ ಇಲ್ಲ.

ಟೀಚರ್, ನಾನಾದ್ರೆ ಹೀಗೆ ಮಾಡ್ತೇನೆ. ಕ್ಲೋರೈಡ್ ಟೆಸ್ಟ್ ಪಾಸಾದ ನೀರು, ಕುದಿಸಿ ಆರಿಸಿದ್ದು (ಆಮ್ಲಜನಕ ಸ್ವಲ್ಪ ಕಮ್ಮಿ ಆಗ್ತದೆ, ಆಮೇಲೆ ಗಾಳಿ ತಾಗಿದ್ರೆ ವಾಪಸ್ ಬರ್ತದೆ ಅಂತ ನೆನಪಿರ್ಲಿ). ಗ್ಲಾಸ್‌ವೇರ್ ನೈಟ್ರಿಕ್‌ನಲ್ಲಿ ತೊಳೆದು ಅದೇ ಒಳ್ಳೆ ನೀರಲ್ಲಿ ಜಾಲಿಸಿ, ನಲ್ಲಿ ನೀರಲ್ಲಿ ಕೊನೆಯ ತೊಳೆತ ಮಾಡಿದ್ರೆ ಮೊದಲಿನ ಕೆಲಸ ಎಲ್ಲಾ ವ್ಯರ್ಥ. ಬಾಟ್ಲಿ ಸಣ್ಣದು, ಕುತ್ತಿಗೆ ತನಕ ತುಂಬಿಸಿ, ಮುಚ್ಚಳ ಬಿಗಿ, ಮೇಲೆ ಅಲ್ಯೂಮಿನಿಯಂ ಫಾಯಿಲ್. ದೊಡ್ಡ ಒಂದು ಬಾಟ್ಲಿ ತೆಗೆದು ತೆಗೆದು ಮುಚ್ಚುವ ಬದ್ಲು ಸಣ್ಣ ಸಣ್ಣ ಬಾಟ್ಲಿ ಒಳ್ಳೇದು. ಸಿಟ್ರೇಟ್ ಬೆಳ್ಳಿ ಹೀಗಿಟ್ರೆ ಮೇಳದ ತನಕ ಆರಾಮದಲ್ಲಿ ನಿಲ್ತದೆ, ವರ್ಷದ ಮಾತು ನಾನು ಆಡುವುದಿಲ್ಲ. ಮೇಳದ ವಾರವೇ ಹೊಸತು ಮಾಡಿದ್ರೆ ಇನ್ನೂ ಒಳ್ಳೇದು, ಹಳೇದನ್ನು ಪಕ್ಕದಲ್ಲಿಡಿ, ಕಿಟಕಿಯದ್ದು ಒಂದು, ಫಾಯಿಲ್ ಸುತ್ತಿದ್ದು ಒಂದು, ಬ್ಯಾಟರಿ ನೀರಿನದ್ದು ಒಂದು. ಜಡ್ಜ್‌ಗೆ ಪ್ರಶ್ನೆ ಕೇಳ್ಲಿಕ್ಕೆ ಬೇಕಾದಷ್ಟು ಸಿಗ್ತದೆ.

ಪೆರ್ಲದ_ಮಳೆ
ತುಂಬಾ ದಿನದಿಂದ ಓದ್ತಾ ಇದ್ದೆ, ಇವತ್ತು ಬರೀತೇನೆ. ನಮ್ಮ ಊರು ಎಣ್ಮಕಜೆ ಪಂಚಾಯತ್. ಗೇರು ತೋಟಕ್ಕೆ ಹೊಡೆದ ಎಂಡೋಸಲ್ಫಾನ್ ಕೀಟನಾಶಕದ ಕತೆ ಇಲ್ಲಿ ಯಾರಿಗೂ ಹೊಸದಾಗಿ ಹೇಳ್ಬೇಕಾಗಿಲ್ಲ. ಮದ್ರಾಸ್ ಐಐಟಿಯ ಪ್ರೊಫೆಸರ್ ಪ್ರದೀಪ್ ಅವರು ಚಿನ್ನ, ಬೆಳ್ಳಿ ನ್ಯಾನೋ ಕಣದಿಂದ ನೀರಿನ ಎಂಡೋಸಲ್ಫಾನ್ ಕಂಡುಹಿಡೀಬಹುದು, ತೆಗೀಬಹುದು ಅಂತ 2003ರಲ್ಲಿ ತೋರಿಸಿದ್ದಾರೆ ಅಂತ ಓದಿದ್ದೆ. ನನ್ನ ಸಂಶಯ ಏನಂದ್ರೆ, ನೀವೆಲ್ಲ ಹೇಳುವ ಹಾಗೆ ಈ ಕಣ ಬಾಟ್ಲಿಯಲ್ಲೇ ನಿಲ್ಲುವುದಿಲ್ಲ ಅಂತಾದ್ರೆ ಬಾವಿ ನೀರಿನ ಎದುರು ಹೇಗೆ ನಿಲ್ತದೆ?

ಲ್ಯಾಬ್_ಮೂಲೆ
ಒಳ್ಳೆ ಪ್ರಶ್ನೆ, ಇಡೀ ಚರ್ಚೆಯಲ್ಲಿ ನನಗೆ ಇಷ್ಟ ಆದದ್ದು ಇದೇ. ಫಿಲ್ಟರ್ ಮಾಡುವಾಗ ಅವರು ಕಣವನ್ನು ನೀರಲ್ಲಿ ತೇಲ್ಲಿಕ್ಕೆ ಬಿಡ್ಲಿಲ್ಲ, ಅಲುಮಿನಾ ಹರಳಿನ ಮೇಲೆ ಕೂರಿಸಿದ್ರು. ಅಲ್ಲಿ ಕಣ ಕಣ ಓಡಾಡಿ ಒಂದಕ್ಕೊಂದು ಡಿಕ್ಕಿ ಹೊಡೆಯುವ ಪ್ರಶ್ನೆಯೇ ಇಲ್ಲ, ನೀರು ಬಂದು ಹೋಗ್ತದೆ, ಕಣ ಕೂತಲ್ಲೇ ಕೂತಿರ್ತದೆ. ಉಪ್ಪಿನ ಹೆದರಿಕೆ ಬಹುಪಾಲು ಮುಗೀತು. ಅದೇ ದಾರಿಯಲ್ಲಿ ಮನೆ ಬಳಕೆಯ ಫಿಲ್ಟರ್ 2007ರಲ್ಲಿ ಮಾರುಕಟ್ಟೆಗೂ ಬಂತು.

ಕಂಡುಹಿಡಿಯುವ ಕೆಲಸ ಮಾತ್ರ ಬೇರೆ, ಅಲ್ಲಿ ಚಿನ್ನದ ಕಣ ನೀರಲ್ಲೇ ಇರ್ತದೆ, ಎಂಡೋಸಲ್ಫಾನ್ ಬಂದು ಅಂಟಿದಾಗ ಬಣ್ಣ ಬದಲಾಗ್ತದೆ. ಬಾಟ್ಲಿಯಲ್ಲಿ ನಮಗೆ ಬೇಡ ಅನ್ನುವ ಬಣ್ಣ ಬದಲಾವಣೆಯೇ ಅಲ್ಲಿ ಉತ್ತರ. ಆದ್ರೆ ಉಪ್ಪಿಗೂ ಬಣ್ಣ ಬದಲಾಗ್ತದಲ್ಲ, ಹಾಗಾಗಿ ನಮ್ಮ ಕರಾವಳಿಯ ಬಾವಿ ನೀರನ್ನು ಹಾಗೇ ಹಾಕಿ ನೀಲಿ ಬಂತು, ವಿಷ ಉಂಟು ಅಂತ ಯಾರೂ ಹೆದರ್ಬೇಡಿ, ಯಾರೂ ಹೆದರಿಸ್ಬೇಡಿ.

ಪೆರ್ಲದ_ಮಳೆ
ಹೆದರಿಸುವವರು ನಮ್ಮಲ್ಲಿ ಬೇಕಾದಷ್ಟು ಬಂದು ಹೋಗಿದ್ದಾರೆ. ತಿಳಿಸಿ ಹೇಳಿದ್ದಕ್ಕೆ ಉಪಕಾರ.

ಅಡಿಕೆ_ಸಿಪ್ಪೆ
ಒಂದು ವಿಷಯ, ವಾಟ್ಸಾಪ್‌ನಲ್ಲಿ ಬೆಳ್ಳಿ ನ್ಯಾನೋ ನೀರು ಅಂತ ಕುಡೀಲಿಕ್ಕೆ ಮಾರ್ತಾರಲ್ಲ, ದಿನಾ ಒಂದು ಚಮಚ, ಸಕ್ಕರೆ ಕಾಯಿಲೆಗೂ ಆಗ್ತದಂತೆ. ಟೀಚರದ್ದು ಅದೇ ಅಲ್ವಾ?

ಕೊಣಾಜೆ_ಬಸ್
ಕುಡೀಲಿಕ್ಕೆ ಖಂಡಿತ ಬೇಡ. ಬೆಳ್ಳಿ ಮೈಯಲ್ಲಿ ಸೇರ್ತಾ ಹೋದ್ರೆ ಚರ್ಮ ನೀಲಿ ಬೂದಿ ಆಗ್ತದೆ, ಆರ್ಜಿರಿಯಾ ಅಂತಾರೆ, ಮತ್ತೆ ಹೋಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇಂಥ ಮದ್ದುಗಳು ಸುರಕ್ಷಿತವೂ ಅಲ್ಲ, ಪರಿಣಾಮವೂ ಇಲ್ಲ ಅಂತ ಹೇಳಿ ಆಗಿದೆ. ಅದೂ ಅಲ್ಲದೆ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತ ಬಾಟ್ಲಿಯಲ್ಲಿ ಕಣ ಎಷ್ಟು ಅಯಾನ್ ಎಷ್ಟು ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಬದಿಯಡ್ಕ_ಟೀಚರ್
ಕುಲುಕಿ ನೋಡಿದೆ, ಬೂದಿ ಬೂದಿಯೇ. ಮುದ್ದೆ ಅಂತ ಮಕ್ಕಳೇ ತೀರ್ಪು ಕೊಟ್ರು. ಮುಂದಿನ ವಾರ ಹೊಸತು ಮಾಡ್ತೇವೆ. ಹಳೇದನ್ನು ಸಿಂಕಿಗೆ ಚೆಲ್ಲಬಹುದಾ? ನಮ್ಮ ಸಿಂಕ್ ನೀರು ಹೋಗೋದು ಹಿಂದಿನ ಬಾಳೆ ಬುಡಕ್ಕೆ.

ಲ್ಯಾಬ್_ಮೂಲೆ
ಬೇಡ. ಬೆಳ್ಳಿ ಮಣ್ಣಿನ ಬ್ಯಾಕ್ಟೀರಿಯಾಕ್ಕೂ ತೋಡಿನ ಮೀನಿಗೂ ಒಳ್ಳೇದಲ್ಲ, ಕಮ್ಮಿ ಆದ್ರೂ ಸರಿ. ಕನ್ನಡಿ ತೊಳೆದ ನೈಟ್ರಿಕ್‌ನಲ್ಲೇ ಆ ಕಪ್ಪು ಹುಡಿಯನ್ನೂ ಕರಗಿಸಿ, ಆಮೇಲೆ ಉಪ್ಪು ನೀರು ಹಾಕಿ, ಬಿಳಿ ಸಿಲ್ವರ್ ಕ್ಲೋರೈಡ್ ಪೂರ್ತಿ ತಳಕ್ಕೆ ಕೂರ್ತದೆ. ಅದನ್ನು ಸೋಸಿ ಕಂದು ಬಾಟ್ಲಿಯಲ್ಲಿ ಲೇಬಲ್ ಹಾಕಿ ಇಡಿ, ಲ್ಯಾಬ್ ವೇಸ್ಟ್ ಜೊತೆ ಕೊಡ್ಬಹುದು. ಉಳಿದ ನೀರು ಆಸಿಡ್ ಇರ್ತದೆ, ಸೋಡಾ ಹುಡಿ ಹಾಕಿ ನೊರೆ ನಿಂತ ಮೇಲೆ ಚೆಲ್ಲಿ.

ಸ್ಪೆಕ್ಟ್ರಮ್ ಬೇಕಾದ್ರೆ ಹೊಸ ಬಾಟ್ಲಿ ಒಂದು ನನಗೆ ಕಳಿಸಿ, ಬಸ್ಸಲ್ಲಿ ಕಳಿಸೋದಾದ್ರೆ ಡ್ರೈವರ್ ಹತ್ರ ಎಂಜಿನ್ ಮೇಲೆ ಇಡ್ಬೇಡಿ ಅಂತ ಹೇಳಿ.